ದೋಣಿಯ ಪ್ಲೈ, ದೋಣಿಯ ಫೈಬರ್: ಹಗರಿ ದಂಡೆಯಲ್ಲಿ ಕೇಳಿದ ತಪ್ಪು ಕಲ್ಪನೆಗಳು

ಹೋದ ಬೇಸಿಗೆಯಲ್ಲಿ ಹಗರಿ ಹೊಳೆಯ ಮರಳಿನ ಮೇಲೆ ಬೋರಲು ಬಿದ್ದಿದ್ದ ಹತ್ತಡಿಯ ದೋಣಿಯೊಂದನ್ನು ಕೈಯಾರೆ ಸುಲಿದೆ. ಸುಲಿದೆ ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ಮೂತಿಯ ಹತ್ತಿರ ಫೈಬರಿನ ಹೊದಿಕೆ ಬೆರಳಿನಷ್ಟಗಲ ಎದ್ದಿತ್ತು. ಹಿಡಿದು ಎಳೆದರೆ ಒಣಗಿದ ಬಾಳೆಪಟ್ಟೆಯಂತೆ ಎರಡು ಮೊಳ ಕಿತ್ತು ಬಂತು. ಅದರ ಅಡಿಯಲ್ಲಿದ್ದ ಪ್ಲೈ ಕಪ್ಪಗಾಗಿ, ಪದರ ಪದರ ಬಿಟ್ಟು, ನೆನೆದ ರಟ್ಟಿನಂತೆ ಉಗುರಿಗೆ ಸಿಗುತ್ತಿತ್ತು. ಮೂರೇ ಮಳೆಗಾಲ ಕಂಡ ದೋಣಿ ಅದು. ಯಜಮಾನ ಹಚ್ಚೊಳ್ಳಿ ಕಡೆಯ ಭತ್ತದ ರೈತ, ನನ್ನ ಹಳೆಯ ಸ್ನೇಹಿತ. "ಮ್ಯಾಲೆ ಪೂರ್ತಿ ಫೈಬರ್ ಹೊದಿಸಿದ್ವಲ್ಲಣ್ಣ, ನೀರು ಎಲ್ಲಿಂದ ಹೋತು?" ಎಂದು ಕೇಳಿದ.

ಹಗ್ಗ ಕಟ್ಟುವ ಬಳೆಯ ಬೋಲ್ಟಿಗೆಂದು ಕೊರೆದ ತೂತಿನಿಂದ ಹೋಗಿತ್ತು. ಕೊಳೆತ ಜಾಗ ಆ ತೂತಿನ ಸುತ್ತ ಶುರುವಾಗಿ, ಮರದ ನಾರಿನ ಗುಂಟ ಎರಡೂ ಕಡೆಗೆ ಹರಿದಿತ್ತು. ಅಂದಿನಿಂದ ದೋಣಿ ಕಟ್ಟಿಸಬೇಕೆಂದು ಯಾರು ಕೇಳಿದರೂ ನಾನು ಮೊದಲು ಕೇಳುವುದು ಅಂಚು ಮತ್ತು ತೂತುಗಳ ವಿಷಯ. ಪ್ಲೈ ಯಾವುದು, ಫೈಬರ್ ಯಾವುದು ಎಂಬ ಮಾತು ಆಮೇಲೆ. ಆ ಮಾತಿಗೆ ಬಂದಾಗ ಜನ ಹೇಳುವ ತಪ್ಪುಗಳು ಹೆಚ್ಚುಕಡಿಮೆ ಒಂದೇ. ಅವನ್ನು ಇಲ್ಲಿ ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ತಪ್ಪು ಕಲ್ಪನೆ: ಮೆರೈನ್ ಪ್ಲೈ ಸಮುದ್ರಕ್ಕೆ ಮಾತ್ರ. ನಮ್ಮದು ಸಿಹಿನೀರು, ಸಾದಾ ಪ್ಲೈ ಸಾಕು.

ವಾಸ್ತವ ಇದಕ್ಕೆ ತಿರುವುಮುರುವು. ಮರವನ್ನು ಕೊಳೆಸುವುದು ಶಿಲೀಂಧ್ರ. ಅದಕ್ಕೆ ಉಪ್ಪುನೀರು ಒಗ್ಗದು, ಸಿಹಿನೀರು ಒಗ್ಗುತ್ತದೆ. ಮಲ್ಪೆಯಲ್ಲೋ ತದಡಿಯಲ್ಲೋ ದೋಣಿಗೆ ಮರ ಕೊರೆಯುವ ಹುಳುವಿನ ಕಾಟವುಂಟು. ಆ ಕಾಟ ತುಂಗಭದ್ರೆಯಲ್ಲಿ ಇಲ್ಲ, ನಿಜ. ಆದರೆ ದೋಣಿಯೊಳಗೆ ನಿಂತ ಮಳೆನೀರು, ಹಲಗೆಯ ಸಂದಿಯಲ್ಲಿ ಆರದೆ ಉಳಿದ ಒದ್ದೆ, ಮೇಲೆ ನಮ್ಮ ಬಿಸಿಲು ಇವು ಮೂರೂ ಸೇರಿದರೆ ಕೊಳೆಯಲು ಅದಕ್ಕಿಂತ ಹದವಾದ ಜಾಗ ಬೇರೆ ಬೇಡ. ಇನ್ನೊಂದು ಸಂಗತಿಯಿದೆ. ಹಗರಿ ಬೇಸಿಗೆಯಲ್ಲಿ ಬರೀ ಮರಳು. ದೋಣಿ ತಿಂಗಳುಗಟ್ಟಲೆ ನೆಲದ ಮೇಲೆ ಇರುತ್ತದೆ. ಗೆದ್ದಲು ತಳದಿಂದ ಏರಿ, ಫೈಬರಿನ ಅಡಿಯಲ್ಲಿ ಯಾರ ಕಣ್ಣಿಗೂ ಬೀಳದೆ ಪ್ಲೈಯನ್ನು ತಿನ್ನುತ್ತದೆ. ಐಎಸ್ 710 ಎಂಬ ಮೆರೈನ್ ಪ್ಲೈ ಮಾನದಂಡದಲ್ಲಿ ಅಂಟಿನ ಜೊತೆಗೆ ಹುಳು, ಕೊಳೆತಗಳನ್ನು ತಡೆಯುವ ಔಷಧಿಯ ಉಪಚಾರವೂ ಸೇರಿದೆ. ಹೀಗಾಗಿ ಸಮುದ್ರ ಕಾಣದ ಸಿರುಗುಪ್ಪ ಸೀಮೆಗೂ ಅದೇ ಬೇಕು.

ತಪ್ಪು ಕಲ್ಪನೆ: ವಾಟರ್‌ಪ್ರೂಫ್ ಪ್ಲೈ ನೀರು ಕುಡಿಯುವುದಿಲ್ಲ.

ಯಾವ ಪ್ಲೈಯೂ ಕುಡಿಯದೆ ಇರದು. ವಾಟರ್‌ಪ್ರೂಫ್ ಆಗಿರುವುದು ಪದರಗಳ ನಡುವಿನ ಅಂಟು. ಪದರ ಎಂದಿದ್ದರೂ ಮರವೇ, ನೀರು ಸಿಕ್ಕರೆ ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಒಳ್ಳೆಯ ಅಂಟು ಈ ಉಬ್ಬು-ಕುಗ್ಗನ್ನು ತಾಳಿಕೊಳ್ಳುತ್ತದೆ, ಕೆಟ್ಟ ಅಂಟು ಬಿಟ್ಟುಕೊಡುತ್ತದೆ. ಇರುವ ವ್ಯತ್ಯಾಸ ಇಷ್ಟೇ.

ಬಳ್ಳಾರಿಯ ಅಂಗಡಿಗಳಲ್ಲಿ ಮೂರು ಬಗೆ ಸಿಗುತ್ತವೆ. ಕಮರ್ಷಿಯಲ್ ಎಂದು ಮಾರುವುದು ಎಂಆರ್ ದರ್ಜೆಯದು. ಅದರ ಅಂಟು ಯೂರಿಯಾ ಜಾತಿಯದು, ಬೀರುವಿಗೆ, ಮಂಚಕ್ಕೆ ಸರಿ. ಅದರ ಮೇಲಿನದು ಬಿಡಬ್ಲ್ಯೂಆರ್, ಅಡುಗೆಮನೆಗೆ ಹಾಕುವುದು. ಈ ಎರಡೂ ಐಎಸ್ 303ರ ಅಡಿ ಬರುತ್ತವೆ. ಮೂರನೆಯದು ಐಎಸ್ 710. ಅದರ ತುಂಡನ್ನು 72 ತಾಸು ಕುದಿಯುವ ನೀರಿನಲ್ಲಿಟ್ಟರೂ ಪದರ ಬಿಡಬಾರದು. ಎಂಆರ್ ಪ್ಲೈಯ ಪರೀಕ್ಷೆ ನಡೆಯುವುದು ಬರೀ 60 ಡಿಗ್ರಿ ಬಿಸಿನೀರಿನಲ್ಲಿ. ಎರಡಕ್ಕೂ ಇರುವ ಅಂತರ ಇದರಿಂದಲೇ ಗೊತ್ತಾಗುತ್ತದೆ.

ಹಾಳೆಯ ಮೇಲೆ ಐಎಸ್ಐ ಗುರುತಿದ್ದರೆ ಅದರ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಅದನ್ನು ಹಾಕಿದರೆ ಯಾವ ಕಾರ್ಖಾನೆಯದು, ಪರವಾನಗಿ ಜೀವಂತವಿದೆಯೇ ಎಂದು ತೋರಿಸುತ್ತದೆ. ಅಂಗಡಿಯಲ್ಲಿ ನಿಂತುಕೊಂಡೇ ನೋಡಬಹುದು. ಅಂಚಿನಲ್ಲಿ ಅಂಟಿನ ಗೆರೆ ಕಂದುಗಪ್ಪಾಗಿದ್ದರೆ ನೀರು ತಾಳುವ ಫಿನಾಲ್ ಅಂಟು ಎನ್ನುತ್ತಾರೆ. ಅದು ಒಂದು ಸುಳಿವು ಅಷ್ಟೆ. ಬಣ್ಣ ಬೆರೆಸಿದ ಅಗ್ಗದ ಅಂಟೂ ಹಾಗೇ ಕಾಣುತ್ತದೆ.

ನಾನು ನಂಬುವುದು ಒಲೆಯನ್ನು. ಅಂಗೈ ಅಗಲದ ತುಂಡನ್ನು ಕೇಳಿ ತರುತ್ತೇನೆ. ಸ್ನಾನದ ನೀರು ಕಾಯಿಸುವ ಹಂಡೆಯಲ್ಲಿ ಕಲ್ಲು ಹೇರಿ ಮುಳುಗಿಸಿ ಬೆಳಿಗ್ಗೆಯಿಂದ ಸಂಜೆವರೆಗೆ ಕುದಿಸುತ್ತೇನೆ. ಮರುದಿನ ಬಿಸಿಲಿಗೆ ಒಣಗಿಸಿ, ಮತ್ತೆ ಕುದಿಸುತ್ತೇನೆ. ಆಮೇಲೆ ಅಂಚಿಗೆ ಉಳಿಯ ತುದಿ ಕೊಟ್ಟು ಮೀಟುತ್ತೇನೆ. ಒಳ್ಳೆಯ ಪ್ಲೈಯಾದರೆ ಪದರ ಬಿಡುವುದಿಲ್ಲ, ಮರದ ನಾರೇ ಹರಿದು ಸಿಬಿರು ಏಳುತ್ತದೆ. ಕೆಟ್ಟದ್ದು ಮೊದಲ ಸಲದ ಕುದಿಯಲ್ಲೇ ಪುಸ್ತಕದ ಹಾಳೆಯಂತೆ ಬಿಚ್ಚಿಕೊಳ್ಳುತ್ತದೆ. ಒಮ್ಮೆ "710" ಎಂದು ದೊಡ್ಡದಾಗಿ ಅಚ್ಚು ಹಾಕಿದ ತುಂಡೊಂದು ಮಧ್ಯಾಹ್ನದ ಊಟದ ಹೊತ್ತಿಗೆ ನಾಲ್ಕು ಚೂರಾಗಿ ಹಂಡೆಯಲ್ಲಿ ತೇಲುತ್ತಿತ್ತು. ಇದು ಪ್ರಯೋಗಾಲಯದ ಪರೀಕ್ಷೆಯಲ್ಲ, ಸರ್ಟಿಫಿಕೇಟೂ ಅಲ್ಲ. ಆದರೆ ನಾಲ್ಕು ಹಾಳೆಯ ಹಣವನ್ನು ಉಳಿಸುತ್ತದೆ.

ಒಳಗಿನ ಟೊಳ್ಳನ್ನೂ ನೋಡಬೇಕು. ನಡುವಿನ ಪದರದಲ್ಲಿ ಎರಡು ತುಂಡು ಕೂಡದೆ ಬಿಟ್ಟ ಸಂದಿ ಇದ್ದರೆ ನೀರಿಗೆ ಅದು ಕಾಲುವೆ ಇದ್ದ ಹಾಗೆ. ಹಾಳೆಯನ್ನು ಎತ್ತಿ ನಿಲ್ಲಿಸಿ ನಾಣ್ಯದಿಂದ ತಟ್ಟುತ್ತಾ ಹೋದರೆ ಟೊಳ್ಳಿರುವಲ್ಲಿ ಸದ್ದು ಬದಲಾಗುತ್ತದೆ. ಪದರಗಳ ಲೆಕ್ಕವನ್ನೂ ಮಾಡಿ. ಆರು ಮಿಲಿಮೀಟರಿನಲ್ಲಿ ಐದು ಪದರವಿರುವುದು ಮೂರು ಪದರದ್ದಕ್ಕಿಂತ ಲೇಸು. ಮೂರರದ್ದರಲ್ಲಿ ಮೇಲಿನೆರಡು ಕಾಗದದಷ್ಟು ತೆಳ್ಳಗಿದ್ದು, ನಡುವೆ ಒಂದು ದಪ್ಪ ಮೆದುಮರ ಇರುವುದೇ ಹೆಚ್ಚು.

ತಪ್ಪು ಕಲ್ಪನೆ: ದಪ್ಪ ಪ್ಲೈ ಹಾಕಿದಷ್ಟೂ ದೋಣಿ ಗಟ್ಟಿ.

ದಪ್ಪ ಎರಡರಷ್ಟಾದರೆ ಹಾಳೆಯ ಬಿಗಿ ಎಂಟರಷ್ಟಾಗುತ್ತದೆ, ಸುಳ್ಳಲ್ಲ. ತೂಕವೂ ಎರಡರಷ್ಟಾಗುತ್ತದೆ. ಎಂಟು-ನಾಲ್ಕರ ಆರು ಮಿಲಿಮೀಟರ್ ಹಾಳೆ ಸುಮಾರು 12 ಕೆಜಿ ತೂಗಿದರೆ ಹನ್ನೆರಡು ಮಿಲಿಮೀಟರಿನದು 24ರ ಹತ್ತಿರ. ನಾಲ್ಕು ಹಾಳೆಯ ದೋಣಿಯಲ್ಲಿ ಐವತ್ತು ಕೆಜಿ ಹೆಚ್ಚಾಯಿತು. ಅಂದರೆ ಒಬ್ಬ ಆಳು ಸದಾ ದೋಣಿಯಲ್ಲೇ ಕೂತ ಹಾಗೆ. ಅದನ್ನು ದಂಡೆಗೆ ಎಳೆಯಲು ನಾಲ್ಕು ಜನ ಬೇಕು. ನಾಲ್ಕು ಜನ ಸಿಗದ ದಿನ ದೋಣಿ ನೀರಿನಲ್ಲೇ ಉಳಿಯುತ್ತದೆ, ಉಳಿದ ದೋಣಿ ಕೊಳೆಯುತ್ತದೆ. ಬಿಗಿ ಬೇಕಿದ್ದರೆ ಆರು ಮಿಲಿಮೀಟರಿನ ಒಳಗೆ ಅಡ್ಡಪಟ್ಟಿ ಕೊಡಿ, ಅಂಚಿನ ಗುಂಟ ಗಟ್ಟಿಮರದ ರೀಪು ಓಡಿಸಿ. ಇಂಗ್ಲೆಂಡಿನಲ್ಲಿ 1963ರಲ್ಲಿ ಬಂದ ಮಿರರ್ ಎಂಬ ಪುಟ್ಟ ಹಾಯಿದೋಣಿ ಹತ್ತು ಅಡಿ ಹತ್ತು ಅಂಗುಲ ಉದ್ದವಿದ್ದು, ಅದರ ಒಡಲು 45 ಕೆಜಿಯ ಆಸುಪಾಸು ತೂಗುತ್ತದೆ. ಮನೆಯ ಗ್ಯಾರೇಜಿನಲ್ಲಿ ಸಾಮಾನ್ಯ ಜನ ತೆಳು ಪ್ಲೈಯಿಂದ ಕಟ್ಟಿಕೊಂಡ ಇಂಥ ದೋಣಿಗಳು ಸಾವಿರಾರು. ನಮ್ಮಲ್ಲೂ ತಿರುವನಂತಪುರ, ಕನ್ಯಾಕುಮಾರಿಯ ಕರಾವಳಿಯ ಮೀನುಗಾರರು 1980ರ ದಶಕದಿಂದ ಪ್ಲೈವುಡ್ ದೋಣಿಗಳಲ್ಲಿ ಅಲೆ ದಾಟಿ ಕಡಲಿಗೆ ಇಳಿದಿದ್ದಾರೆ. ಪ್ಲೈ ಆಟಿಕೆಯ ಸಾಮಾನಲ್ಲ.

ತಪ್ಪು ಕಲ್ಪನೆ: ಪ್ಲೈಯಿಂದಲೂ ಹರಿಗೋಲಿನ ಹಾಗೆ ದುಂಡಗೆ ಮಾಡಿಸಬಹುದು.

ಆಗದು. ಕಾಗದವನ್ನು ಸುತ್ತಿ ಶೇಂಗಾ ಪೊಟ್ಟಣ ಮಾಡಬಹುದು, ಮಡಿಕೆ ಬೀಳದಂತೆ ಬಟ್ಟಲು ಮಾಡಲಾಗದು. ಪ್ಲೈಯ ಗುಣವೂ ಅದೇ, ಒಂದು ದಿಕ್ಕಿಗೆ ಬಾಗುತ್ತದೆ, ಎರಡು ದಿಕ್ಕಿಗೆ ಒಟ್ಟಿಗೆ ಬಾಗದು. ಅದಕ್ಕೇ ಪ್ಲೈ ದೋಣಿಗೆಲ್ಲ ತಳ ಮತ್ತು ಪಕ್ಕ ಕೂಡುವಲ್ಲಿ ಮೂಲೆ ಇರುತ್ತದೆ. ಆ ಮೂಲೆ ಕೂಡಿಸುವ ಒಂದು ಸುಲಭದ ವಿಧಾನವನ್ನು ನಮ್ಮವರಿಗೆ ಹೇಳುವಾಗ ನಾನು ಮುತ್ತುಗದ ಎಲೆಯನ್ನು ನೆನಪಿಸುತ್ತೇನೆ. ಎಲೆಗೆ ಎಲೆ ಇಟ್ಟು ಕಡ್ಡಿ ಚುಚ್ಚಿ ದೊನ್ನೆ ಕಟ್ಟುವಂತೆ, ಕತ್ತರಿಸಿದ ಹಲಗೆಗಳ ಅಂಚಿಗೆ ಸಣ್ಣ ತೂತು ಕೊರೆದು ತಾಮ್ರದ ತಂತಿಯಿಂದ ಹೊಲಿಯುವುದು. ಒಳಮೂಲೆಗೆ ಎಪಾಕ್ಸಿ ಎಂಬ ರೆಸಿನ್ನಿನಲ್ಲಿ ಕಲಸಿದ ಮರದ ಹೊಟ್ಟನ್ನು ಗಾರೆಯಂತೆ ಬಳಿದು, ಮೇಲೆ ಗಾಜಿನ ಬಟ್ಟೆಯ ಪಟ್ಟಿ ಹಾಕುವುದು. ಗಟ್ಟಿಯಾದ ಮೇಲೆ ತಂತಿ ಕತ್ತರಿಸುವುದು. ಮಿರರ್ ದೋಣಿಯನ್ನು ಕಟ್ಟಿದ್ದು ಹೀಗೆ ಹೊಲಿದೇ.

ದುಂಡಗಿನದೇ ಬೇಕೆಂದರೆ ಹರಿಗೋಲಿಗೆ ಸಮ ಇಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬುಟ್ಟಿಯಂಥ ದುಂಡು ದೋಣಿಗಳನ್ನು ಕಂಡು, ಒಳಗೆ ಬೆತ್ತ, ಹೊರಗೆ ಚರ್ಮ ಎಂದು ಬರೆದಿಟ್ಟಿದ್ದಾನೆ. ಹೊರಗಿನ ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂತು. ಈಗ ಪೂರ್ತಿ ಫೈಬರಿನ ಹರಿಗೋಲನ್ನೂ ಮೀನುಗಾರರು ಬಳಸುತ್ತಾರೆ. ಬಂಡೆಗಳ ನಡುವೆ ಸುಳಿಯುವ ತುಂಗಭದ್ರೆಯ ನೀರಿಗೆ ಆ ಆಕಾರವನ್ನು ಹುಡುಕಿಕೊಂಡವರು ದಡ್ಡರಲ್ಲ. ಒಬ್ಬರೇ ಬಲೆ ಬಿಡಲು ಹೋಗುವವರಿಗೆ ನಾನು ಪ್ಲೈ ದೋಣಿ ಹೇಳುವುದೇ ಇಲ್ಲ. ನೇರ ಹೋಗಬೇಕು, ಸಾಮಾನು ಹೇರಬೇಕು, ಮೋಟಾರು ಕೂರಿಸಬೇಕು ಎನ್ನುವವರಿಗೆ ಪ್ಲೈ.

ತಪ್ಪು ಕಲ್ಪನೆ: ಮೇಲೆ ಫೈಬರ್ ಹೊದಿಸಿದ ಮೇಲೆ ಒಳಗೆ ಯಾವ ಪ್ಲೈ ಆದರೇನು?

ಹಗರಿ ದಂಡೆಯ ಆ ದೋಣಿ ಕೆಟ್ಟದ್ದು ಈ ಮಾತಿನಿಂದಲೇ. ಒಳಗೆ ಕಮರ್ಷಿಯಲ್ ಪ್ಲೈ, ಹೊರಗೆ ಮಾತ್ರ ಫೈಬರ್, ಒಳಮೈಗೆ ಬರೀ ಪೇಂಟು. ಹೊದಿಕೆ ಹೊರಗಿನ ನೀರನ್ನು ತಡೆಯಿತು. ಒಳಗೆ ಬಿದ್ದ ಮಳೆನೀರು ಪೇಂಟಿನ ಬಿರುಕಿನಿಂದ, ಬೋಲ್ಟಿನ ತೂತಿನಿಂದ, ಹಲಗೆಯ ಕಡಿದ ಅಂಚಿನಿಂದ ಮರಕ್ಕೆ ಇಳಿಯಿತು. ಒಳಗಿಳಿದ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ. ಹೊದಿಕೆಯೇ ಇಲ್ಲದ ಹಳೆಯ ಮರದ ದೋಣಿಯಾಗಿದ್ದರೆ ದಂಡೆಯ ಮೇಲೆ ಎರಡು ದಿನದಲ್ಲಿ ಆರುತ್ತಿತ್ತು. ಅರ್ಧ ಹೊದಿಸುವುದು ಏನೂ ಹೊದಿಸದೆ ಇರುವುದಕ್ಕಿಂತ ಕೇಡು.

ಮಾಡಬೇಕಾದ್ದು ಹೀಗೆ. ಜೋಡಿಸುವ ಮೊದಲೇ ಪ್ರತಿ ಹಲಗೆಯ ಎರಡೂ ಮೈಗೆ ಎಪಾಕ್ಸಿ ಬಳಿಯಿರಿ. ಕಡಿದ ಅಂಚಿನಲ್ಲಿ ನಾರಿನ ಬಾಯಿ ತೆರೆದಿರುತ್ತದೆ, ಹುಲ್ಲುಕಡ್ಡಿಯಂತೆ ಹೀರುತ್ತದೆ. ಅಲ್ಲಿಗೆ ಒಂದು ಸಲ ಬಳಿದು ಹೀರಿಕೊಂಡ ಮೇಲೆ ಮತ್ತೆರಡು ಸಲ ಕುಡಿಸಿ. ಬೋಲ್ಟಿಗೆ ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಎಪಾಕ್ಸಿ ಗಾರೆಯಿಂದ ಪೂರ್ತಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಯ ತೂತು ಕೊರೆಯಿರಿ. ಆಗ ಕಬ್ಬಿಣ ಮರವನ್ನು ಮುಟ್ಟುವುದೇ ಇಲ್ಲ. ನನ್ನ ಸ್ನೇಹಿತನ ದೋಣಿಗೆ ಇದೊಂದು ಕೆಲಸ ಮಾಡಿದ್ದರೆ ಇನ್ನೂ ಹಲವು ಮಳೆಗಾಲ ಬಾಳುತ್ತಿತ್ತೆಂದು ನಾನು ಈಗಲೂ ನಂಬುತ್ತೇನೆ.

ಹಾಗಾದರೆ ಗಾಜಿನ ಬಟ್ಟೆ ಏಕೆ? ನೀರು ತಡೆಯುವುದು ಎಪಾಕ್ಸಿ, ಬಟ್ಟೆಯಲ್ಲ. ಬಟ್ಟೆ ಬೇಕಾಗುವುದು ಕೀಲಿನ ಬಲಕ್ಕೆ ಮತ್ತು ಸವೆತಕ್ಕೆ. ಮರಳಿನ ಮೇಲೆ ಎಳೆಯುವ, ಕಲ್ಲಿಗೆ ತಾಗುವ ತಳಕ್ಕೆ ಒಂದು ಪೂರ್ತಿ ಪದರ, ಮೂಲೆಗಳಿಗೆ ಎರಡು. ಪಕ್ಕಗಳಿಗೆ ತೆಳುವಾದುದು ಸಾಕು. ಎಲ್ಲೆಡೆ ದಪ್ಪ ಹೊದಿಸುವುದು ಹಣಕ್ಕೂ ಬೆನ್ನಿಗೂ ಭಾರ.

ತಪ್ಪು ಕಲ್ಪನೆ: ರೆಸಿನ್ ಎಂದರೆ ಎಲ್ಲ ಒಂದೇ. ಹಾರ್ಡ್‌ನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ.

ನೀರಿನ ಟ್ಯಾಂಕಿಗೆ, ಬಸ್ಸಿನ ಬಂಪರಿಗೆ ಹಾಕುವ ಅಗ್ಗದ ರೆಸಿನ್ ಪಾಲಿಯೆಸ್ಟರ್. ಅಚ್ಚಿನಲ್ಲಿ ಪೂರ್ತಿ ಫೈಬರ್ ದೋಣಿ ಎರೆಯಲು ಅದು ಒಳ್ಳೆಯದೇ. ಮರಕ್ಕೆ ಮಾತ್ರ ಅದರ ಹಿಡಿತ ಸಾಲದು. ಮರ ಉಬ್ಬಿ ಕುಗ್ಗಿದಂತೆ ಕೆಲವು ವರ್ಷದಲ್ಲಿ ಬಿಡಿಸಿಕೊಳ್ಳುತ್ತದೆ. ನಾನು ಬಾಳೆಪಟ್ಟೆಯಂತೆ ಸುಲಿದದ್ದು ಇಂಥದ್ದನ್ನೇ. ಎಪಾಕ್ಸಿಗೆ ಹಣ ಹೆಚ್ಚು, ಆದರೆ ಅದು ಮರದ ನಾರಿನೊಳಗೆ ಬೇರು ಬಿಟ್ಟಂತೆ ಹಿಡಿಯುತ್ತದೆ. ಪ್ಲೈ ದೋಣಿಗೆ ಎಪಾಕ್ಸಿಯೇ ಆಗಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ. ಹಣ ಸಾಲದಿದ್ದರೆ ದೋಣಿಯನ್ನು ಎರಡಡಿ ಚಿಕ್ಕದು ಮಾಡಿ.

ಗಾಜಿನಲ್ಲೂ ಎರಡು ಬಗೆ. ಚೂರು ನಾರನ್ನು ಚಾಪೆಯಂತೆ ಒತ್ತಿದ ಮ್ಯಾಟ್ ಒಂದು, ನೇಯ್ದ ಬಟ್ಟೆ ಇನ್ನೊಂದು. ಸಾಮಾನ್ಯ ಮ್ಯಾಟಿನಲ್ಲಿ ನಾರನ್ನು ಹಿಡಿದಿಟ್ಟ ಬಂಧಕ ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್‌ಗೆ ಕರಗುತ್ತದೆ, ಎಪಾಕ್ಸಿಗೆ ಕರಗದು. ಎಪಾಕ್ಸಿ ಹಾಕಿದ ಮ್ಯಾಟ್ ಬಿರುಸಾಗಿಯೇ ನಿಂತು ಮೂಲೆಗೆ ಕೂರುವುದಿಲ್ಲ. ಮೇಲಾಗಿ ಮ್ಯಾಟ್ ತನ್ನ ತೂಕದ ಎರಡು, ಎರಡೂವರೆ ಪಟ್ಟು ರೆಸಿನ್ ಕುಡಿಯುತ್ತದೆ. ನೇಯ್ದ ಬಟ್ಟೆಗೆ ಹೆಚ್ಚುಕಡಿಮೆ ತನ್ನ ತೂಕದಷ್ಟೇ ಸಾಕು. ಎಪಾಕ್ಸಿಯ ಬೆಲೆ ನೋಡಿದರೆ ಬಟ್ಟೆಯೇ ಅಗ್ಗ ಬೀಳುತ್ತದೆ.

ಹಾರ್ಡ್‌ನರಿನ ವಿಷಯದಲ್ಲಿ ಎರಡು ರೆಸಿನ್ನನ್ನೂ ಬೇರೆ ಬೇರೆ ತಿಳಿಯಬೇಕು. ಪಾಲಿಯೆಸ್ಟರಿಗೆ ಹಾಕುವುದು ನೂರಕ್ಕೆ ಒಂದೆರಡರಷ್ಟು ಕ್ಯಾಟಲಿಸ್ಟ್. ಬಳ್ಳಾರಿಯ 40 ಡಿಗ್ರಿಯಲ್ಲಿ ಎರಡು ಹಾಕಿದರೆ ಬ್ರಷ್ ಡಬ್ಬದಲ್ಲೇ ಸಿಕ್ಕಿಬೀಳುತ್ತದೆ. ಎಪಾಕ್ಸಿಯದು ಅಳತೆಯ ಜೋಡಿ. ಕೆಲವಕ್ಕೆ ತೂಕದಲ್ಲಿ ನೂರಕ್ಕೆ ಹತ್ತು, ಕೆಲವಕ್ಕೆ ಎರಡಕ್ಕೆ ಒಂದು. ಡಬ್ಬದ ಮೇಲೆ ಬರೆದದ್ದಕ್ಕಿಂತ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುವುದಿಲ್ಲ, ಎಂದೂ ಪೂರ್ತಿ ಗಟ್ಟಿಯಾಗುವುದಿಲ್ಲ. ಬಂಗಾರ ತೂಗುವಂಥ ಸಣ್ಣ ತಕ್ಕಡಿಯಲ್ಲಿ ತೂಗಿಯೇ ಹಾಕಿ. ಕಲಸಿದ್ದನ್ನು ಲೋಟದಲ್ಲಿ ಇಡಬೇಡಿ. ಒಟ್ಟಿಗಿದ್ದರೆ ಕಾದು ಹೊಗೆಯಾಡುತ್ತದೆ. ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿದರೆ ಕೆಲಸಕ್ಕೆ ಸಮಯ ಸಿಗುತ್ತದೆ.

ಬೆಳಗಿನ ತಂಪಿನಲ್ಲಿ ಬಳಿದರೆ ಒಳ್ಳೆಯದೆಂದು ಅನೇಕರು ತಿಳಿಯುತ್ತಾರೆ. ಹಾಗೆ ಮಾಡಿದರೆ ಬಿಸಿಲೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ, ಹಸಿ ಎಪಾಕ್ಸಿಯಲ್ಲಿ ಗುಳ್ಳೆ ಏಳುತ್ತದೆ. ಇಳಿಹೊತ್ತಿನಲ್ಲಿ, ಮರ ತಣಿಯತೊಡಗಿದಾಗ ಬಳಿಯಿರಿ. ಗಾಳಿ ಕುಗ್ಗುತ್ತಾ ಎಪಾಕ್ಸಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮರುದಿನ ಮೈ ಜಿಡ್ಡೆನಿಸಿದರೆ ಸಾದಾ ನೀರಿನಿಂದ ತೊಳೆದು, ಒಣಗಿಸಿ, ಉಪ್ಪುಕಾಗದ ಹಾಕಿ, ಮೇಲಿನ ಪದರಕ್ಕೆ ಹೋಗಿ. ಕೊನೆಗೆ ಪೇಂಟು ಬೇಕೇ ಬೇಕು. ನಮ್ಮ ಬಿಸಿಲಿಗೆ ಬತ್ತಲೆ ಎಪಾಕ್ಸಿ ಹಳದಿಯಾಗಿ ಪುಡಿಯಾಗುತ್ತದೆ.

ಪಾಲಿಯೆಸ್ಟರ್ ಬಳಸುವವರಿಗೆ ಒಂದು ಎಚ್ಚರಿಕೆ. ಅದರ ಜೊತೆ ಕೊಡುವ ನೇರಳೆ ಬಣ್ಣದ ಕೋಬಾಲ್ಟನ್ನೂ ಕ್ಯಾಟಲಿಸ್ಟನ್ನೂ ನೇರವಾಗಿ ಒಂದಕ್ಕೊಂದು ಬೆರೆಸಬೇಡಿ, ಸಿಡಿಯುತ್ತದೆ. ಕೋಬಾಲ್ಟನ್ನು ಮೊದಲು ರೆಸಿನ್ನಿನಲ್ಲಿ ಪೂರ್ತಿ ಕಲಸಿ, ಆಮೇಲೆ ಕ್ಯಾಟಲಿಸ್ಟ್ ಹಾಕಬೇಕು. ಎರಡರ ಬಾಟಲಿಯನ್ನೂ ಒಂದೇ ಕಡೆ ಇಡಬಾರದು. ಗಾಜಿನ ದೂಳಿಗೆ ಮುಖಕ್ಕೆ ಮಾಸ್ಕ್, ಎಪಾಕ್ಸಿಗೆ ಕೈಗವಸು ಇರಲಿ. ಬರಿಗೈಯಲ್ಲಿ ಎಪಾಕ್ಸಿ ಮುಟ್ಟುತ್ತಾ ಹೋದವರಿಗೆ ಚರ್ಮದ ಅಲರ್ಜಿ ಅಂಟಿಕೊಂಡರೆ ಆಮೇಲೆ ಅದರ ಹತ್ತಿರ ಹೋಗಲೂ ಆಗದು.

ತಪ್ಪು ಕಲ್ಪನೆ: ಹಾಳೆ ಎಂಟಡಿ, ಆದ್ದರಿಂದ ದೋಣಿಯೂ ಎಂಟಡಿ.

ಎರಡು ಹಾಳೆಯ ತುದಿಗಳನ್ನು ದಪ್ಪದ ಎಂಟರಷ್ಟು ಉದ್ದಕ್ಕೆ ಇಳಿಜಾರಾಗಿ ತೋಪಡಾ ಹೊಡೆದು, ಒಂದರ ಮೇಲೊಂದು ಎಪಾಕ್ಸಿಯಿಂದ ಅಂಟಿಸಿದರೆ ಕೂಡಿದ ಜಾಗ ಹಾಳೆಯಂತೆಯೇ ಬಾಗುತ್ತದೆ. ಆರು ಮಿಲಿಮೀಟರಿಗೆ ಸುಮಾರು ಐದು ಸೆಂಟಿಮೀಟರ್ ಇಳಿಜಾರು. ಕೈ ಪಳಗಿದ ಯಾವ ಬಡಗಿಗೂ ಇದು ಬರುತ್ತದೆ.

ತಪ್ಪು ಕಲ್ಪನೆ: ಫೈಬರ್ ಹಾಕಿದ ದೋಣಿ ಮುಳುಗುವುದಿಲ್ಲ.

ಗಾಜು ಮತ್ತು ರೆಸಿನ್ ಸೇರಿದ ಮೈ ನೀರಿಗಿಂತ ಒಂದೂವರೆ ಪಟ್ಟು ಭಾರ. ಪೂರ್ತಿ ಫೈಬರಿನ ದೋಣಿಗೆ ನೀರು ತುಂಬಿದರೆ ನೇರ ತಳಕ್ಕೆ. ಪ್ಲೈ ದೋಣಿ ತೇಲಬಹುದು, ಆದರೆ ಅಂಚು ನೀರಿನ ಸಮಕ್ಕೆ ಬಂದು, ಹಿಡಿದುಕೊಂಡವರನ್ನು ತಾಳುವಷ್ಟು ಬಲ ಉಳಿಯದು. ಕೂರುವ ಹಲಗೆಗಳ ಕೆಳಗೆ ಗಾಳಿ ತುಂಬಿದ ಪೆಟ್ಟಿಗೆ ಇರಬೇಕು. ಅದರ ಒಳಮೈ ನೋಡಲು ಮುಚ್ಚಳವಿರುವ ಬಾಯಿ ಇಡಬೇಕು. ಅಷ್ಟು ಕೆಲಸ ಬೇಡವೆಂದರೆ ಬಿಗಿಯಾಗಿ ಮುಚ್ಚಿದ ಇಪ್ಪತ್ತು ಲೀಟರಿನ ಖಾಲಿ ಕ್ಯಾನುಗಳನ್ನು ಅಲ್ಲಿ ಬಿಗಿದು ಕಟ್ಟಿ. ಒಂದೊಂದೂ ಇಪ್ಪತ್ತು ಕೆಜಿಯ ಹತ್ತಿರ ಎತ್ತಿಹಿಡಿಯುತ್ತದೆ. ಥರ್ಮೋಕೋಲ್ ತುಂಬಿ ಮೇಲೆ ಪಾಲಿಯೆಸ್ಟರ್ ಬಳಿಯುವವರನ್ನು ನೋಡಿದ್ದೇನೆ. ಸ್ಟೈರೀನ್ ತಾಗಿದ ಥರ್ಮೋಕೋಲ್ ಬಿಸಿಗೆ ಬೆಣ್ಣೆ ಕರಗಿದಂತೆ ಕರಗುತ್ತದೆ, ಒಳಗೆ ಬರೀ ಟೊಳ್ಳು ಉಳಿಯುತ್ತದೆ. ಎಪಾಕ್ಸಿಯಾದರೆ ಆ ತೊಂದರೆ ಇಲ್ಲ.

ದೋಣಿ ಎಷ್ಟೇ ಚೆನ್ನಾಗಿರಲಿ, ನಮ್ಮ ತುಂಗಭದ್ರೆ ಅಣೆಕಟ್ಟಿನ ಕೆಳಗಿನ ನದಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದದ್ದನ್ನು ಈ ಸೀಮೆಯ ಯಾರೂ ಮರೆತಿಲ್ಲ. ಗೇಟು ಗಟ್ಟಿಯಾಗಿದ್ದಾಗಲೂ ಮಳೆಗಾಲದಲ್ಲಿ ನೀರು ಬಿಟ್ಟರೆ ಸಿರುಗುಪ್ಪದ ದಂಡೆಯಲ್ಲಿ ಹೊಳೆಯ ಗುಣ ಒಂದೇ ಹಗಲಿನಲ್ಲಿ ಬದಲಾಗುತ್ತದೆ. ನೀರು ಬಿಡುವ ಸುದ್ದಿ ಬಂದ ದಿನ ದೋಣಿಯನ್ನು ದಂಡೆಯಿಂದ ದೂರ, ಮೇಲೆ ಎಳೆದು, ಎರಡು ಕಲ್ಲುಕಂಬದ ಮೇಲೆ ನೆಲ ಮುಟ್ಟದಂತೆ ಬೋರಲು ಹಾಕಿ. ಗೆದ್ದಲಿಗೂ ಅದೇ ಉಪಾಯ.

ಪ್ಲೈ, ಎಪಾಕ್ಸಿ, ಬಟ್ಟೆಗೆಂದು ಲೆಕ್ಕ ಬರೆಯುವಾಗ ಕೂರುವ ತಲೆಗೊಂದರಂತೆ ಲೈಫ್ ಜಾಕೆಟ್ಟಿನ ಹಣವನ್ನು ಪಟ್ಟಿಯ ಮೊದಲ ಸಾಲಿನಲ್ಲೇ ಬರೆಯಿರಿ. ಹಣ ಕಡಿಮೆ ಬಿದ್ದರೆ ಬೇರೆ ಯಾವ ಸಾಲನ್ನಾದರೂ ಹೊಡೆಯಿರಿ, ಅದನ್ನು ಹೊಡೆಯಬೇಡಿ.